ಉಸಿರು ಹಿಡಿದು ಕೊಂಡ ಬಟ್ಟೆ

ಮಣ್ಣಿಗೆಂದು ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ನಾನು ಎಂದಿನಂತೆ ಹಲ್ಲುಜ್ಜಿದೆ. ಹಾಲು ಬಂತು. ಕೆಳಗೆ ಅತ್ತೆ ಒಲೆ ಹಚ್ಚಿದ ಸದ್ದಾಯಿತು. ಯಾರೂ ಅಳಲಿಲ್ಲ, ಯಾರೂ ನನ್ನ ತಲೆ ಸವರಲಿಲ್ಲ. ಬೇರೇನು ಮಾಡಬೇಕೆಂದು ತೋಚದೆ ಇಂದುಧರನ ಬಟ್ಟೆಗಳನ್ನು ಮಡಿಸಲು ಕುಳಿತೆ.

ಅವು ಸುಮ್ಮನಿದ್ದವು. ಈ ಊರಿನ ಬಟ್ಟೆಗಳಿಗೆ ದನಿಯುಂಟು, ಒಬ್ಬರು ಹೋದರೆ ಅವರ ಬಟ್ಟೆಗಳೂ ಅದೇ ಗಳಿಗೆಗೆ ಸುಮ್ಮನಾಗುತ್ತವೆ. ಅವನಿದ್ದಾಗ ಬಿಳಿ ಅಂಗಿ ಒಣಗಿದ ಜೋಳದ ಗರಿಯ ಹಾಗೆ ಸರಗುಟ್ಟುತ್ತಿತ್ತು. ನೀಲಿಯದು ಬಾಚಣಿಗೆಯ ಹಲ್ಲುಗಳ ಮೇಲೆ ಯಾರೋ ಉಗುರು ಎಳೆದ ಹಾಗೆ. ಗೂಟಕ್ಕೆ ತೂಗಿಹಾಕಿದರೂ ಗೊಣಗುತ್ತಿದ್ದ ಆ ಅಂಗಿಗಳು ಈಗ ನನ್ನ ತವರಿನ ಬಟ್ಟೆಗಳಂತೆ ಬರೀ ಬಟ್ಟೆಗಳಾಗಿದ್ದವು.

ನಾನು ಹೊರಗಿನವಳು. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರದ ಎಂ.ಎ. ತರಗತಿಯಲ್ಲಿ ಇಂದುಧರ ನನ್ನ ಪಕ್ಕ ಬಂದು ಕುಳಿತ. ಅವನ ಅಂಗಿ ಸದ್ದು ಮಾಡುತ್ತದೆಂದು ಮೇಷ್ಟ್ರು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ನಮ್ಮ ಪರಿಚಯ ಆದದ್ದು ಹಾಗೆ. ಮದುವೆಯಾಗಿ ಇಲ್ಲಿಗೆ ಬರುವಾಗ ಒಂದು ಟ್ರಂಕಿನ ತುಂಬ ಸದ್ದಿಲ್ಲದ ಸೀರೆಗಳನ್ನು ತಂದೆ. ಊರಿನವರು ನನಗೆ ಮೂಕ ಸೊಸೆ ಎಂದು ಹೆಸರಿಟ್ಟರು. ಇಲ್ಲಿಯ ಸೀರೆ ಕೊಳ್ಳುತ್ತೇನೆಂದರೆ ಅವನೇ ಬೇಡವೆನ್ನುತ್ತಿದ್ದ. "ನಿನ್ನ ಹತ್ತರ ಕೂತರ ಕಿವಿಗೆ ಸಮಾಧಾನ" ಎನ್ನುತ್ತಿದ್ದ. ಪಂಪ್‌ಹೌಸಿನಲ್ಲಿ ದಿನವಿಡೀ ಯಂತ್ರಗಳ ಮಧ್ಯೆ ಇರುವವನು. ಅಲ್ಲಿಯ ಮೆಟ್ಟಿಲ ಮೇಲೆ ಸುಸ್ತೆಂದು ಕುಳಿತವನು ಮತ್ತೆ ಏಳಲಿಲ್ಲ.

ಕೊನೆಯ ಅಂಗಿ ಮಡಿಸಿಟ್ಟು ಕೈ ಒರೆಸಿಕೊಂಡೆ. ಆಗ ಕೇಳಿಸಿತು. ಬಹಳ ಸಣ್ಣ ಸದ್ದು. ನೀರು ಕುದಿಯುವುದಕ್ಕೆ ಸ್ವಲ್ಪ ಮೊದಲು ಪಾತ್ರೆಯ ತಳದಲ್ಲಿ ಆಗುತ್ತದಲ್ಲ, ಅಂಥದು. ಕೆಳಗೆ ಅತ್ತೆಯ ಒಲೆಯಿರಬೇಕೆಂದುಕೊಂಡೆ. ಅಲ್ಲ. ಬಾಗಿಲ ಹಿಂದಿನಿಂದ ಬರುತ್ತಿತ್ತು. ಬಾಗಿಲು ಮುಚ್ಚಿ ನೋಡಿದರೆ ಗೂಟಕ್ಕೆ ಬೂದಿ ಬಣ್ಣದ ಉಣ್ಣೆ ಕೋಟು. ಅವನು ಹೋಗುವ ಕೆಲವು ದಿನ ಮೊದಲು ಅದನ್ನು ಹಾಕಿಕೊಂಡು ಮಳೆಯಲ್ಲಿ ಮನೆಗೆ ಬಂದಿದ್ದ. "ಹೊಸದಾ?" ಎಂದಿದ್ದೆ. "ಹೆಂಗದ?" ಎಂದು ಗಿರಕಿ ಹೊಡೆದು ತೋರಿಸಿದ್ದ.

ಕೋಟು ನುಡಿಯುತ್ತಿತ್ತು.

ಮನೆಯಲ್ಲಿ ನೆಂಟರು ತುಂಬಿದ್ದಷ್ಟು ದಿನ ಅವರೆಲ್ಲರ ಬಟ್ಟೆಗಳ ಗಲಾಟೆಯಲ್ಲಿ ಇದು ಕೇಳಿರಲಿಲ್ಲ. ಈಗ ಮನೆ ಖಾಲಿ. ನಾನು ಕೋಟಿನ ಎದೆಗೆ ಕಿವಿಯಿಟ್ಟೆ. ಸದ್ದು ನಿಂತಿರಲಿಲ್ಲ, ಕುಂದಿರಲೂ ಇಲ್ಲ. ಅಷ್ಟು ದಿನ ಏನೂ ಅನ್ನಿಸದೆ ಕಲ್ಲಿನಂತೆ ಕುಳಿತಿದ್ದವಳಿಗೆ ಕೂಗಬೇಕು, ಓಡಬೇಕು, ಯಾರನ್ನಾದರೂ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಎಲ್ಲವೂ ಅವನ ಜೊತೆ ಹೋಗಿವೆ, ಇದೊಂದು ಹೋಗಿಲ್ಲ. ಯಾಕೆ ಹೋಗಿಲ್ಲವೆಂದು ಯಾರನ್ನೂ ಕೇಳಲಿಲ್ಲ. ತರ್ಕಶಾಸ್ತ್ರ ಓದಿದವಳು ನಾನು. ಆ ಬೆಳಿಗ್ಗೆ ಅದರ ಅಗತ್ಯ ಬೀಳಲಿಲ್ಲ. ಕೋಟನ್ನು ನನ್ನ ಎರಡು ಮೂಕ ಸೀರೆಗಳಲ್ಲಿ ಸುತ್ತಿ ಗೋಣಿನಾರಿನ ಚೀಲದಲ್ಲಿಟ್ಟೆ. ಅವತ್ತಿನಿಂದ ಆ ಚೀಲ ನನ್ನ ಹೆಗಲು ಬಿಡಲಿಲ್ಲ.

ಅದೇ ವಾರ ನೀಲು ಮೇಲೆ ಬಂದಳು. ನೀಲಾಂಬಿಕೆ, ಇಂದುಧರನ ತಂಗಿ. ಪಂಪ್‌ಹೌಸಿನಲ್ಲೇ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ಶಿವಯೋಗಿಯೊಂದಿಗೆ ಅವಳ ಮದುವೆ ಗೊತ್ತಾಗಿತ್ತು. ಅಣ್ಣನೇ ಓಡಾಡಿ ಗೊತ್ತುಮಾಡಿದ್ದು. ಈ ವರ್ಷದೊಳಗೆ ಮುಗಿಸದಿದ್ದರೆ ಇನ್ನು ಮೂರು ವರ್ಷ ಕಾಯಬೇಕೆಂದು ಹಿರಿಯರು ಹೇಳಿದ್ದರಿಂದ ಅತ್ತೆ ಮುಹೂರ್ತ ಮುಂದೂಡಿರಲಿಲ್ಲ.

"ವೈನಿ, ನೀವು ನನ್ನ ಜೊತೆಗಾತಿ ಆಗಬೇಕು" ಎಂದಳು, ನಿಂತಲ್ಲೇ.

ಈ ಊರಿನ ಮದುವೆಗಳಲ್ಲಿ ವಾದ್ಯವಿಲ್ಲ. ಮದುಮಗಳು ಮನೆಯಿಂದ ಮಂಟಪದವರೆಗೆ ನಡೆದು ಹೋಗುತ್ತಾಳೆ. ಅವಳೊಂದಿಗೆ ಮೂವರು ಜೊತೆಗಾತಿಯರು ಉದ್ದನೆಯ ನಿಲುವಂಗಿ ತೊಟ್ಟು ನಡೆಯುತ್ತಾರೆ. ಆ ಮೂರು ನಿಲುವಂಗಿ, ಮದುಮಗಳ ಸೀರೆ, ಇವುಗಳ ದನಿ ಕೂಡಿದರೆ ಅದೇ ಮಂಗಳವಾದ್ಯ. ಕೂಡದಿದ್ದರೆ ದೇವರೇ ಗತಿ. ಹಿಂದಿನ ಓಣಿಯ ಒಬ್ಬ ಅಜ್ಜಿಯ ಮದುವೆಯಲ್ಲಿ ಹಾಗಾಗಿತ್ತಂತೆ. ಇವತ್ತಿಗೂ ಅವರ ಮೊಮ್ಮಕ್ಕಳನ್ನು ಕರಕರ ಮನೆಯವರು ಎಂದೇ ಕರೆಯುತ್ತಾರೆ.

"ನಾನಾ? ಜನ ಏನಂತಾರೆ?" ಎಂದೆ.

"ಅಣ್ಣ ಇದ್ದಿದ್ದರ ನೀವು ಬರತಿದ್ದಿರಿಲ್ಲೋ? ಅವ ಇಲ್ಲಂತ ನೀವೂ ಇಲ್ಲದವರಾಗಬೇಕೇನು?" ಸ್ವಲ್ಪ ತಡೆದು ಮೂಗು ಒರೆಸಿಕೊಂಡು ಅಂದಳು, "ಜುಬಿ ಬರತಾಳ. ನಾಗು ಬರತಾಳ. ಮೂರನೇದಾಕಿ ನೀವು. ಅವ್ವ ಹ್ಞೂಂ ಅಂದಾಳ. ನಾಳೆ ರಾಚೋಟಪ್ಪನ ಅಂಗಡಿಗೆ ಹೋಗೂದು. ಮುಂಜಾನೆ ಹೊಟ್ಟಿ ತುಂಬ ತಿನಬ್ಯಾಡ್ರಿ ಮತ್ತ, ಉಸಿರು ಹಿಡಿಯಾಕ ಆಗೂದಿಲ್ಲ."

ಜುಬೇದಾ ನೀಲುವಿನ ಶಾಲೆಯ ಗೆಳತಿ, ಬಾಯಿಬಡುಕಿ. ನಾಗು ನೀಲುವಿನ ಚಿಕ್ಕಪ್ಪನ ಮಗಳು. ಬಾಗಿಲು ಬಂದಲ್ಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ, ಮಾತು ಮಾತ್ರ ಕುಳ್ಳು. ಮರುದಿನ ನಾವು ನಾಲ್ವರೂ ನೇಕಾರರ ಬೀದಿಗೆ ಹೊರಟೆವು. ಚಳಿಗಾಲದ ಬಿಸಿಲು. ನೀಲುವಿನ ಕೈಯಲ್ಲಿ ಮದುವೆ ಸೀರೆ, ನನ್ನ ಹೆಗಲಲ್ಲಿ ಚೀಲ. ಜುಬಿ ದಾರಿಯುದ್ದಕ್ಕೂ ಉಸಿರು ಹಿಡಿಯುವ ಅಭ್ಯಾಸ ಮಾಡುತ್ತಿದ್ದಳು. ಕೆನ್ನೆ ಉಬ್ಬಿಸಿಕೊಂಡು ನಾಲ್ಕು ಮನೆ ದಾಟುವುದರೊಳಗೆ ಏನಾದರೊಂದು ಹೇಳಬೇಕೆನ್ನಿಸಿ ಬುಸ್ ಎಂದು ಬಿಡುತ್ತಿದ್ದಳು. ನನಗೆ ಎಷ್ಟೋ ದಿನಗಳ ಮೇಲೆ ನಗು ಬಂತು. ನಗುವಿಗೆ ಕಾರಣ ಅವಳಷ್ಟೇ ಅಲ್ಲ. ಪಕ್ಕೆಗೆ ತಾಗಿದ ಚೀಲ ಬೆಚ್ಚಗೆ ಗುಂಯ್‌ಗುಟ್ಟುತ್ತಿತ್ತು. ಅವನನ್ನೂ ತಂಗಿಯ ಮದುವೆಯ ಬಟ್ಟೆ ತರಲು ಕರೆದೊಯ್ಯುತ್ತಿದ್ದೇನೆ ಎಂದುಕೊಂಡೆ.

ರಾಚೋಟಪ್ಪನ ಅಂಗಡಿಯ ಬಾಗಿಲಿಗೆ ದಪ್ಪ ಕಂಬಳಿ. ಒಳಗೆ ಗೋಡೆಗೆ ದೊಡ್ಡ ಅಕ್ಷರದಲ್ಲಿ "ಒಮ್ಮೆ ಉಸಿರಾಡಿದ ಬಟ್ಟೆಯನ್ನು ವಾಪಸ್ ಪಡೆಯುವುದಿಲ್ಲ" ಎಂದು ಬರೆದಿತ್ತು. ರಾಚೋಟಪ್ಪ ಬರೀ ಮೈಯಲ್ಲಿ ಗಾದಿಯ ಮೇಲೆ ಕುಳಿತಿದ್ದ. ಬಟ್ಟೆ ವ್ಯಾಪಾರಿಗಳೆಲ್ಲ ಇಲ್ಲಿ ಹಾಗೆಯೇ. ತಮ್ಮ ಅಂಗಿಯ ಸದ್ದು ಗಿರಾಕಿಯ ಬಟ್ಟೆಗೆ ಬೆರೆಯಬಾರದೆಂದು.

"ಶಾಲು, ದುಪ್ಪಟ್ಟಾ, ಕೈಚೀಲ ಎಲ್ಲ ಹೊರಗ ಇಡ್ರಿ" ಎಂದ. "ಈ ಕಿವಿ ನಾಕು ತಲಿಮಾರಿನ ಕಿವಿ ಅದ. ಒಂದು ಸಣ್ಣ ಎಳಿ ಹೆಚ್ಚಿಗಿ ನುಡಿದರೂ ಗೊತ್ತಾಗತೈತಿ."

ಜುಬಿ ಶಾಲು ಇಟ್ಟಳು, ನಾಗು ಚೀಲ ಇಟ್ಟಳು. ನಾನು ಬಾಗಿಲಲ್ಲೇ ನಿಂತೆ. ರಾಚೋಟಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇವರು ಮೂಕ ಸೊಸಿ ಅಲ್ಲೇನು? ಬರಲಿ ಬಿಡ್ರಿ. ಇವರ ಚೀಲದಾಗ ಏನ ನುಡಿಯೂದದ?" ಎಂದು ಕೈ ಬೀಸಿದ. ನಾನು ಚೀಲದೊಡನೆಯೇ ಒಳಗೆ ಹೋದೆ.

ಇಲ್ಲಿ ನಿಲುವಂಗಿ ತೊಟ್ಟು ನೋಡುವುದೆಂದರೆ ಸಣ್ಣ ಸರ್ಕಸ್. ಪರದೆಯ ಹಿಂದೆ ಉಸಿರು ಒಳಗೆಳೆದು ಹಿಡಿಯಬೇಕು. ಅಂಗಡಿಯ ಹೆಂಗಸು ಸರಕ್ಕನೆ ತಲೆಯ ಮೇಲಿಂದ ಬಟ್ಟೆ ಇಳಿಸಿ ಬೆನ್ನಿನ ಗುಂಡಿ ಹಾಕುತ್ತಾಳೆ. ಓಡಿಬಂದು ಸಾಲಾಗಿ ನಿಲ್ಲಬೇಕು. ರಾಚೋಟಪ್ಪ ಕಿವಿಯ ಹಿಂದೆ ಅಂಗೈ ಇಟ್ಟು ಆಲಿಸಿ ತಲೆ ಅಲ್ಲಾಡಿಸಿದರೆ ಮತ್ತೆ ಪರದೆಯ ಹಿಂದೆ ಓಡಿ ಕಳಚಿ ಆಮೇಲೆ ಉಸಿರು ಬಿಡಬೇಕು. ಅದರೊಳಗೆ ಒಂದೇ ಒಂದು ಉಸಿರು ಆಡಿದರೂ ಬಟ್ಟೆ ನಿಮ್ಮದು, ನೀವಿರುವ ತನಕ ನಿಮ್ಮದು.

ಮೊದಲ ಸುತ್ತಿನಲ್ಲಿ ನಾಗುವಿನ ನಿಲುವಂಗಿ ಮೊಣಕಾಲಿಗೆ ನಿಂತಿತು. ಎರಡನೆಯ ಸುತ್ತಿನಲ್ಲಿ ನನ್ನದು ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿತು. ನೀಲು ತನ್ನ ಮದುವೆ ಸೀರೆಯುಟ್ಟು ನಡುವೆ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಮೂರನೆಯ ಸುತ್ತಿನಲ್ಲಿ ಜುಬಿ ಇಟ್ಟಿಗೆ ಬಣ್ಣದ್ದೊಂದು ತೊಟ್ಟು ಬಂದು ಕೆನ್ನೆ ಉಬ್ಬಿಸಿ ನಿಂತಳು. ರಾಚೋಟಪ್ಪ ಗಂಭೀರವಾಗಿ ಅವಳ ಹತ್ತಿರ ಬಗ್ಗಿ ಕಿವಿ ಕೊಟ್ಟ. ಅಷ್ಟರಲ್ಲಿ ಅವನ ಹೊಟ್ಟೆ ಗುಡುಗುಡು ಎಂದಿತು. ಜುಬಿ ಬಿದ್ದು ಬಿದ್ದು ನಕ್ಕಳು.

ನಕ್ಕರೆ ಉಸಿರು ಬಿಟ್ಟಂತೆಯೇ.

"ಆತು" ಎಂದ ರಾಚೋಟಪ್ಪ, ಗೋಡೆಯ ಬರಹದತ್ತ ಕೈ ತೋರಿಸಿ. "ಅದು ನಿನ್ನದಾತವ್ವಾ."

"ನಿಮ್ಮ ಹೊಟ್ಟಿದೂ ಲೆಕ್ಕಕ್ಕ ತಗೋರಿ ಸಾವ್ಕಾರ್ರ" ಎಂದಳು ಜುಬಿ ಕಣ್ಣೊರೆಸಿಕೊಳ್ಳುತ್ತ.

ಇನ್ನು ಅವಳ ಇಟ್ಟಿಗೆ ಬಣ್ಣಕ್ಕೆ ಉಳಿದೆರಡನ್ನು ಹೊಂದಿಸಬೇಕಾಯಿತು. ಕಪಾಟುಗಳು ಬರಿದಾದವು. ನಾಗುವಿಗೆ ಸಾಸಿವೆ ಬಣ್ಣದ್ದು ಸಿಕ್ಕಿತು, ತುಂಬುವ ಕೊಡದ ದನಿ. ನನಗೆ ಗಿಳಿಹಸಿರಿನದು. ನಾನು ಉಸಿರು ಹಿಡಿದು ಸಾಲಿನಲ್ಲಿ ನಿಂತೆ. ಚೀಲ ಕಾಲ ಬಳಿ ಇತ್ತು, ಎರಡೂ ಪಾದಗಳ ನಡುವೆ. ಆಗ ಅದು ಆಯಿತು. ಹೇಗೆಂದು ಹೇಳುವುದು ಕಷ್ಟ. ಬೇರೆ ಬೇರೆ ಮಾತಾಡುತ್ತಿದ್ದವರು ತಟ್ಟನೆ ಒಂದೇ ವಿಷಯಕ್ಕೆ ಬಂದ ಹಾಗೆ. ದನಿಗಳು ಒಂದರ ಕೈ ಒಂದು ಹಿಡಿದವು. ಅಂಗಾಲಿನಿಂದ ನೆತ್ತಿಯವರೆಗೆ ಝುಮ್ಮೆಂದಿತು. ನೀಲು ಬಾಯಿಗೆ ಕೈ ಇಟ್ಟುಕೊಂಡಳು. ಹೊರಗೆ ಬೀದಿಯಲ್ಲಿ ಹೋಗುತ್ತಿದ್ದವರು ಕಂಬಳಿ ಸರಿಸಿ ಇಣುಕಿದರು. ರಾಚೋಟಪ್ಪನ ಬರಿಯ ತೋಳಿನಲ್ಲಿ ಕೂದಲು ನಿಮಿರಿದ್ದವು.

"ನಮ್ಮಪ್ಪನ ಕಾಲದಾಗೂ ಇಂಥಾದ್ದು ಕೂಡಿದ್ದಿಲ್ಲ" ಎಂದ. ನನ್ನತ್ತ ತಿರುಗಿ ಗಾಬರಿಯಾದ. "ಯವ್ವಾ, ಉಸಿರು ಬಿಡ್ರಿ! ಇನ್ನ ಅದು ನಿಮ್ಮದ!"

ಬಿಟ್ಟೆ. ನನ್ನ ಮೈ ಮೇಲೆ ನನ್ನದೇ ಬಟ್ಟೆಯೊಂದು ಮೊದಲ ಸಲ ಏನೋ ಹೇಳಿತು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ. ನನ್ನ ಕಿವಿಯೆಲ್ಲ ಕಾಲ ಬಳಿ ಇತ್ತು.

ಇಟ್ಟಿಗೆ, ಸಾಸಿವೆ, ಗಿಳಿಹಸಿರು. ನನ್ನ ತವರಿನಲ್ಲಾದರೆ ಇಂಥ ಮೂರು ಬಣ್ಣಗಳನ್ನು ಒಟ್ಟಿಗೆ ಯಾರೂ ಮದುವೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ದಾರಿಯಲ್ಲಿ ಹಾಗೆಂದರೆ ಜುಬಿ ನಿಂತೇಬಿಟ್ಟಳು. "ಬಣ್ಣ ಯಾರು ನೋಡತಾರ್ರೀ ವೈನಿ?" ಎಂದಳು. ನಾವು ಕಬ್ಬಿನ ಹಾಲು ಕುಡಿದೆವು. ನಾಗು ಕೂಡ ಎರಡು ಮಾತಾಡಿದಳು. ಮನೆ ಮುಟ್ಟುವವರೆಗೂ ನೀಲು ನನ್ನ ಕೈ ಬಿಡಲಿಲ್ಲ.

ಮನೆಯಲ್ಲಿ ಅತ್ತೆಗೆ ತೋರಿಸಬೇಕಿತ್ತು. ನಾನು ಮೇಲೆ ಹೋಗಿ ಚೀಲವನ್ನು ಹಾಸಿಗೆಯ ಮೇಲಿಟ್ಟು, ನಿಲುವಂಗಿ ತೊಟ್ಟು ಇಳಿದು ಬಂದೆ. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಮಗನ ಮಣ್ಣಾದ ಮೇಲೆ ಅವರು ಹೊರಗೆ ಬಂದು ಕುಳಿತದ್ದೇ ಅವತ್ತು. ನಾವು ನಾಲ್ವರೂ ಸಾಲಾಗಿ ನಿಂತೆವು.

ಹಲ್ಲು ಬಿದ್ದ ಬಾಯಿಯ ಹಾಗಿತ್ತು. ಮೂರು ದನಿ ಮೂರು ಕಡೆ, ನೀಲುವಿನ ಸೀರೆ ನಡುವೆ ದಾರಿ ತಪ್ಪಿದ ಕೂಸಿನಂತೆ ಕುಂಯ್‌ಗುಡುತ್ತಿತ್ತು. ಜಾಗ ಬದಲಿಸಿ ನಿಂತೆವು. ಇನ್ನೂ ಕೆಟ್ಟಿತು. ಅತ್ತೆ ಕಿವಿಯ ಮೇಲೆ ಸೆರಗು ಎಳೆದುಕೊಂಡರು.

"ನಾ ನಕ್ಕಿದ್ದಕ್ಕ ಹಿಂಗಾತೇನs?" ಎಂದಳು ಜುಬಿ. ಅವಳ ಮುಖ ಇಷ್ಟಾಗಿತ್ತು. ನೀಲು ಮೆಟ್ಟಿಲ ಮೇಲೆ ಕುಸಿದು ಕುಳಿತು ಮಂಡಿಯಲ್ಲಿ ಮುಖ ಹುದುಗಿಸಿದಳು. ಉಸಿರಾಡಿದ ಬಟ್ಟೆಗಳು. ಹಿಂದಕ್ಕೆ ಕೊಡುವಂತಿಲ್ಲ, ಹೊಸದು ನೇಯಿಸಲು ಹೊತ್ತಿಲ್ಲ. ನಾಗು ಮಾತಿಲ್ಲದೆ ಹೊರಗೆ ಹೋಗಿ ರಾಚೋಟಪ್ಪನನ್ನು ತೋಳು ಹಿಡಿದು ಎಳೆತಂದಳು. ಅವನು ಬರಿಮೈ ಮೇಲೆ ಕಂಬಳಿ ಹೊದ್ದು ಬಂದ. ಕಂಬಳಿ ಹೊರಗಿಟ್ಟು ಒಳಬಂದು ಆಲಿಸಿದ. ಅವನ ಬಣ್ಣ ಬದಲಾಯಿತು.

"ಅಂಗಡ್ಯಾಗ ಕೂಡಿತ್ತು. ನೀವs ಕೇಳೀರಿ" ಎಂದ. ಗೋಡೆ ಬಡಿದು ನೋಡಿದ. "ನಿಮ್ಮ ಗ್ವಾಡಿ ಸರಿ ಇಲ್ಲ."

"ನಮ್ಮ ಗ್ವಾಡಿಗೆ ಏನಾಗೇತಿ? ನಿಮ್ಮ ನಾಕು ತಲಿಮಾರಿನ ಕಿವಿ ತೊಳಕೊಂಡು ಬರ್ರಿ" ಎಂದು ಜುಬಿ ಜಗಳಕ್ಕೆ ನಿಂತಳು.

ನನಗೆ ಗೊತ್ತಾಗಿತ್ತು. ಮೊದಲ ಅಪಸ್ವರಕ್ಕೇ ಗೊತ್ತಾಗಿತ್ತು. ಮೇಲೆ ಹಾಸಿಗೆಯ ಮೇಲಿದ್ದದ್ದು ಈ ಸಾಲಿನಲ್ಲಿ ಇರಲಿಲ್ಲ. ಹೇಳಿದರೆ ಚೀಲ ಬಿಚ್ಚಬೇಕು. ಬಿಚ್ಚಿದರೆ ಅದು ಎಲ್ಲರದೂ ಆಗುತ್ತದೆ, ಇಷ್ಟು ದಿನ ನನ್ನೊಬ್ಬಳದೇ ಆಗಿದ್ದದ್ದು. ನೀಲುವಿನ ಬೆನ್ನು ಅಳುವಿಗೆ ಅಲುಗುವುದನ್ನು ನೋಡುತ್ತ ನಿಂತೆ. ಆಮೇಲೆ ಮೆಟ್ಟಿಲು ಹತ್ತಿದೆ.

ಚೀಲದೊಡನೆ ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲೇ ದನಿಗಳು ಒಂದರತ್ತ ಒಂದು ತಿರುಗಿದವು. ಕೆಳಗೆ ಬಂದು ನಿಂತಾಗ ಪಡಸಾಲೆ ತುಂಬಿ ಹೋಯಿತು. ಜುಬಿ ಜಗಳದ ಮಧ್ಯದಲ್ಲಿ ಬಾಯಿ ತೆರೆದು ಹಾಗೆಯೇ ನಿಂತಳು. "ಹೇಳಲಿಲ್ಲೇನು ನಾ!" ಎಂದು ರಾಚೋಟಪ್ಪ ಕುಣಿದಾಡಿದ. ನೀಲು ಎದ್ದು ಬಂದು ನನ್ನ ಚೀಲವನ್ನೇ ನೋಡಿದಳು.

"ವೈನಿ, ಅದರಾಗ ಏನದ?"

ಸೀರೆಗಳನ್ನು ಬಿಡಿಸಿ ಕೋಟು ತೆಗೆದೆ. "ಇದೊಂದು ಸುಮ್ಮನಾಗಲಿಲ್ಲ" ಎಂದೆ. "ಅವರದು ಎಲ್ಲಾ ನಿಂತುಹೋಯ್ತು. ಇದೊಂದು ನಿಲ್ಲಲಿಲ್ಲ."

ಅತ್ತೆ ಎದ್ದರು. ಅವರ ಮುಖದಲ್ಲಿ ನಾನು ಕಂಡದ್ದನ್ನು ಬರೆಯಲಾರೆ. ನನ್ನ ಮುಖವೂ ಆ ಮೊದಲ ಬೆಳಿಗ್ಗೆ ಹಾಗೇ ಇದ್ದಿರಬೇಕು. ಎರಡೂ ಕೈಯಲ್ಲಿ ಕೋಟು ತೆಗೆದುಕೊಂಡು ಎದೆಗೊತ್ತಿಕೊಂಡರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತೋಳು ಅಳೆದರು, ಕೊರಳಪಟ್ಟಿ ಮಗುಚಿ ನೋಡಿದರು, ಬೇರೆ ಬಣ್ಣದ ದಾರದಲ್ಲಿ ಹೊಲಿದ ಒಂದು ಗುಂಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಮೆಲ್ಲಗೆ ಅವರ ಮುಖ ಮತ್ತೆ ಮೊದಲಿನಂತಾಯಿತು.

"ಇದು ಇಂದೂನದಲ್ಲವಾ" ಎಂದರು. "ತೋಳು ಇಷ್ಟುದ್ದ ಅವಗ ಎಲ್ಲಿದ್ದವು? ಯಾರದೋ ಇಸಗೊಂಡು ಬಂದಾನ. ಅವರು ಚಂದಾಗಿ ಅದಾರ. ಅದಕ್ಕ ನುಡಿಯಾಕತ್ತೇತಿ."

ನಾನು ತಲೆಯಾಡಿಸಿದೆ. ಅದು ನನಗೆ ತಿಳಿಯಲಾಗದ ವಿಷಯವೇನಲ್ಲ. ತಿಳಿಯುವಷ್ಟು ಹತ್ತಿರ ನಾನು ಹೋಗಿರಲಿಲ್ಲ, ಅಷ್ಟೆ.

"ಯಾರದಿರಬೇಕು?" ಎಂದ ರಾಚೋಟಪ್ಪ. "ಇಂಥ ಉಣ್ಣಿ ನಮ್ಮ ಅಂಗಡೀದಲ್ಲ."

"ಅವರದು" ಎಂದಳು ನೀಲು, ನೆಲ ನೋಡುತ್ತ.

"ಯಾರದೇ?"

"ಅವರದವ್ವಾ. ಶಿವಯೋಗಿ ಅವರದು."

ಅತ್ತೆ ಮಗಳ ಕಡೆ ತಿರುಗಿದರು. "ನಿಶ್ಚಯದ ದಿನ ಬಿಟ್ಟರ ಅವನ್ನ ನೀ ನೋಡೇ ಇಲ್ಲ. ಅವನ ಕೋಟಿನ ದನಿ ನಿನಗ ಹೆಂಗ ಗೊತ್ತು?"

ನೀಲುವಿನ ಕಿವಿ ಕೆಂಪಾದವು. ನಾಗು, ಆ ಮಾತೇ ಆಡದ ನಾಗು, "ಪಂಪ್‌ಹೌಸಿನ ಬೇವಿನ ಗಿಡದ ಬುಡಕ ಭಾಳ ಗಾಳಿ ಬಿಡತೈತಿ ದೊಡ್ಡವ್ವಾ, ಕೋಟು ಹಾಕ್ಕೊಂಡs ನಿಂದರಬೇಕಾಗತೈತಿ" ಎಂದಳು. ಜುಬಿ ಅವಳ ಬೆನ್ನಿಗೆ ಗುದ್ದಿದಳು. ಅತ್ತೆ ಸೆರಗಿನ ಮರೆಯಲ್ಲಿ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಇಂದುಧರ ಇದ್ದಿದ್ದರೆ ಗಿರಕಿ ಹೊಡೆದು ನಗುತ್ತಿದ್ದ.

ರಾಚೋಟಪ್ಪ ಹೋದ ಮೇಲೆ ಜುಬಿಯೇ ಉಪಾಯ ಹೇಳಿದಳು. "ಇಷ್ಟಕ್ಕ ಅಳೂದೇನs? ವೈನಿ ಚೀಲ ಹಾಕ್ಕೊಂಡು ನಡೀಲಿ. ಮೂಕ ಸೊಸಿ ಚೀಲದ ಮ್ಯಾಲ ಯಾರಿಗೂ ಸಂಶೆ ಬರೂದಿಲ್ಲ."

ಅವತ್ತು ಸಂಜೆ ನೀಲು ಒಬ್ಬಳೇ ಮೇಲೆ ಬಂದಳು. ಕೋಟು ಮತ್ತೆ ಗೂಟದ ಮೇಲಿತ್ತು, ಬಾಗಿಲ ಹಿಂದೆ. ಅದರ ಕೆಳಗೆ ಕುಳಿತು ಹೇಳಿದಳು, "ಮದುವಿ ಆದ ಮ್ಯಾಲೂ ನೀವs ಇಟಗೋರಿ. ಅವರು ಕೇಳೂದಿಲ್ಲ. ಇಷ್ಟು ದಿನ ಕೇಳ್ಯಾರೇನು? ನಿಮಗ ಬೇಕಂತ ಅವರಿಗೆ ಗೊತ್ತದ."

"ಅದು ನಿನ್ನ ಅಣ್ಣನದಲ್ಲ, ನೀಲು."

"ಅಲ್ಲ. ಆದರೂ ಇಟಗೋರಿ."

ನಾನು ಆಗಲಿ ಅಂದೆ. ಸುಳ್ಳಲ್ಲ, ಇಟ್ಟುಕೊಳ್ಳುವ ಮನಸ್ಸೇ ಇತ್ತು. ಇನ್ನೊಬ್ಬರ ಕೋಟೆಂದು ಗೊತ್ತಾದ ಮೇಲೂ ಅದರ ಸದ್ದು ಬದಲಾಗಿರಲಿಲ್ಲ. ತೋಳಿನಲ್ಲಿ ಇಂದುಧರನ ಪಂಪಿನ ಎಣ್ಣೆಯ ವಾಸನೆ ಹಾಗೇ ಇತ್ತು. ಕೊನೆಯ ಸಲ ತೊಟ್ಟವನು ಅವನೇ ತಾನೆ.

ಮದುವೆಯ ಬೆಳಿಗ್ಗೆ ಬಾಯಲ್ಲಿ ಹಬೆ ಬರುವಷ್ಟು ಚಳಿ. ಅತ್ತೆ ನೀಲುವಿಗೆ ಬೊಟ್ಟಿಟ್ಟು ನನ್ನ ಹತ್ತಿರ ಬಂದರು. ನನ್ನ ಗಿಳಿಹಸಿರು ನಿಲುವಂಗಿಯ ಕೊರಳು ಸರಿಮಾಡಿ, ಚೀಲವನ್ನು ನನ್ನ ಹೆಗಲಿಗೆ ಏರಿಸಿದರು. ನಾವು ಹೊರಟೆವು.

ಓಣಿ ಎರಡೂ ಕಡೆ ತುಂಬಿತ್ತು. ನಮ್ಮ ಮೊದಲ ಹೆಜ್ಜೆಗೇ ಜನ ತಮ್ಮ ಶಾಲುಗಳನ್ನು ಕಂಕುಳಲ್ಲಿ ಅದುಮಿ ಸುಮ್ಮನಾಗಿಸಿಕೊಂಡರು. ಅಷ್ಟು ಚೆನ್ನಾಗಿತ್ತು. ಮಾಳಿಗೆಯ ಮೇಲಿದ್ದ ಮಕ್ಕಳು ಗಾಳಿಪಟ ಬಿಟ್ಟು ಬಗ್ಗಿ ನೋಡಿದರು. ರಾಚೋಟಪ್ಪ ಪ್ರತಿ ತಿರುವಿನಲ್ಲೂ ನಮಗಿಂತ ಮೊದಲೇ ಬಂದು ನಿಂತು, ಬರಿಮೈಯಲ್ಲಿ ನಡುಗುತ್ತ, "ನಮ್ಮಂಗಡೀದು, ನಮ್ಮಂಗಡೀದು" ಎನ್ನುತ್ತಿದ್ದ. ಕರಕರ ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನನ್ನ ಹೆಜ್ಜೆ ತಾನಾಗಿ ಏಳುತ್ತಿತ್ತು. ಎಡಗಡೆ ಜುಬಿ, ಬಲಗಡೆ ನಾಗು, ಮುಂದೆ ನೀಲು, ಪಕ್ಕೆಗೆ ಬೆಚ್ಚಗೆ ಇವನು. ಇವನು ಎಂದೇ ಅಂದುಕೊಂಡೆ. ಈ ಬೀದಿ ಮುಗಿಯುವವರೆಗೆ ಅಂದುಕೊಂಡರೆ ಯಾರಿಗೇನು?

ಬೀದಿ ಮುಗಿಯಿತು. ಮಂಟಪದ ಬಾಗಿಲಲ್ಲಿ ಶಿವಯೋಗಿ ಕಾದಿದ್ದ. ಉದ್ದ ತೋಳಿನ ಉದ್ದನೆಯ ಆಳು. ತೆಳುವಾದ ಹೊಸ ಅಂಗಿಯಲ್ಲಿ ನಡುಗುತ್ತಿದ್ದ. ಬಾಗಿಲಿಗೆ ಬಂದಾಗ ಜೊತೆಗಾತಿಯರು ಒಬ್ಬೊಬ್ಬರಾಗಿ ಬದಿಗೆ ಸರಿಯಬೇಕು. ಜುಬಿ ಸರಿದಳು. ನಾಗು ಸರಿದಳು. ನಾನೂ ಸರಿದು ಜನರ ಹಿಂದೆ ಹೋಗಿ ನಿಂತೆ. ದನಿ ನನ್ನ ಚೀಲದೊಡನೆ ಬಾಗಿಲಿನಿಂದ ದೂರ ಬಂತು. ಅಲ್ಲಿ ನೀಲುವಿನ ಸೀರೆಯ ದನಿಯೊಂದೇ ಉಳಿಯಿತು. ಶಿವಯೋಗಿಯ ಹೊಸ ಅಂಗಿಗೆ ಅದರ ಜೊತೆ ಏನು ಮಾತಾಡಬೇಕೆಂದು ತಿಳಿಯದ ಹಾಗಿತ್ತು. ಜನ ತಲೆ ಓರೆ ಮಾಡಿ ಆಲಿಸಿದರು. ಗಂಡಿನ ಕಡೆಯ ಹೆಂಗಸೊಬ್ಬಳು ಪಕ್ಕದವಳ ತೋಳು ತಿವಿದಳು.

ನೀಲು ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ನಿಶ್ಚಯಿಸಿ, ಕತ್ತು ಬಿಗಿಹಿಡಿದು, ನೇರ ಮುಂದೆ ನೋಡುತ್ತಿದ್ದಳು. ಇಂದುಧರನೂ ಹಟ ಹಿಡಿದಾಗ ಹಾಗೆಯೇ ಕತ್ತು ಬಿಗಿಹಿಡಿಯುತ್ತಿದ್ದ.

ನಾನು ಜನರನ್ನು ಸರಿಸಿ ಮತ್ತೆ ಬಾಗಿಲಿಗೆ ಬಂದೆ. ಚೀಲ ಬಿಚ್ಚಿ ಸೀರೆಗಳನ್ನು ಜುಬಿಯ ಕೈಗೆ ಕೊಟ್ಟು ಕೋಟು ಹಿಡಿದು ನಿಂತೆ.

"ಇದೇನವ್ವಾ, ಮದುಮಗಗ ಹಳೇ ಕೋಟು!" ಎಂದಳು ಆ ಹೆಂಗಸು.

"ವೈನಿ" ಎಂದ ಶಿವಯೋಗಿ. ಕೈ ಮುಂದೆ ಚಾಚಲಿಲ್ಲ. "ಇರಲಿ ವೈನಿ. ನಿಮ್ಮ ಹತ್ತರನs ಇರಲಿ."

"ಚಳಿ ಇದೆ. ಹಾಕಿಕೊಳ್ಳಿ."

ಅವನು ನೀಲುವನ್ನು ನೋಡಿದ, ಮತ್ತೆ ನನ್ನನ್ನು. ಆಮೇಲೆ ಚಿಕ್ಕ ಹುಡುಗನಂತೆ ಬೆನ್ನು ತಿರುಗಿಸಿ ತೋಳು ಹಿಂದಕ್ಕೆ ಚಾಚಿದ. ನಾನೇ ತೊಡಿಸಿದೆ. ತೋಳು ಅವನಿಗೆ ಸರಿಯಾಗಿ ಕೂತವು. ಕೋಟಿನ ಸದ್ದು ನನ್ನ ಕೈ ಬಿಟ್ಟು ಅವನ ಹೆಗಲಿಗೇರಿತು. ಅದರೊಂದಿಗೆ ನೀಲುವಿನ ಸೀರೆ ದನಿಗೂಡಿಸಿದಾಗ ಬೀದಿಯ ಜನ ಹೋ ಎಂದರು. ನನ್ನ ಮೈ ಮೇಲಿನ ನಿಲುವಂಗಿಯೂ ಏನೋ ನುಡಿಯುತ್ತಿತ್ತು. ಸಣ್ಣ ದನಿ. ಚೀಲ ಖಾಲಿಯಾದದ್ದರಿಂದ ಈಗ ಕೇಳುತ್ತಿತ್ತು.

ಶಿವಯೋಗಿ ಗುಂಡಿ ಹಾಕಿಕೊಳ್ಳುತ್ತ, ಕಣ್ಣೆತ್ತದೆ ಹೇಳಿದ, "ಅವತ್ತು ಭಾಳ ಮಳಿ ಇತ್ರಿ. ನಾಳೆ ಕೊಡತೀನಿ ಅಂದಿದ್ದ."

"ಹೌದು" ಎಂದೆ. "ಸ್ವಲ್ಪ ತಡವಾಯಿತು. ಬೇಜಾರು ಮಾಡಿಕೋಬೇಡಿ."